ಕಾರಿಗೆ ಹಬ್ಬದ ಬಾಟಲಿ

ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಯಾರೋ ಇಂಜಿನ್ ಆಯಿಲ್‌ಗೆ ಬೆರೆಸುವ ಪುಟ್ಟ ಬಾಟಲಿಯೊಂದನ್ನು ಮುಂದೆ ಹಿಡಿದರು. ಗಾಡಿಗೆ ಶಕ್ತಿ ಬರುತ್ತದಂತೆ. ಬೇಡವೆಂದು ನಕ್ಕೆ. ವಸ್ತ್ರಾಪುರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅಕ್ಕ ನೆನಪಾದರು...

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮೈಸೂರಿನಿಂದ ಅಹಮದಾಬಾದಿನ ವಸ್ತ್ರಾಪುರ ಬಡಾವಣೆಗೆ ಬಂದಿದ್ದೆವು. ಅಕ್ಕ ಧಾರವಾಡದವರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ನನಗೆ ಊರಂಚಿನ ಬೋಪಾಲ್ ಎಂಬ ಬಡಾವಣೆಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಆ ಕಡೆಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಕಾರೇ ಗತಿ. ಅದೋ, ಸೇತುವೆ ಹತ್ತುವಾಗ ಏದುಸಿರು ಬಿಡುತ್ತಿತ್ತು. ಹೊಗೆ ಪರೀಕ್ಷೆಯಲ್ಲೂ ಫೇಲಾಯಿತು. ಮಾರಿಬಿಡೋಣ ಎಂದರು ಯಜಮಾನರು. ಕಾರು ಹೋದರೆ ನನ್ನ ಕೆಲಸವೂ ಹೋದ ಹಾಗೆ. ಅಳುವೇ ಬಂದಿತ್ತು ನನಗೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರಿಗೆ ಕುಂಕುಮ ಹಚ್ಚಿ, ಹೂವು ಮುಡಿಸಿ, ಯಜಮಾನರು ಬಾನೆಟ್ ಎತ್ತಿ ಅಂಥದೇ ಒಂದು ಬಾಟಲಿ ಬಗ್ಗಿಸಿದರು. ಯುಗಾದಿ, ಗೌರಿ, ದೀಪಾವಳಿ, ಯಾವ ಹಬ್ಬಕ್ಕೂ ಈ ನೈವೇದ್ಯ ತಪ್ಪುತ್ತಿರಲಿಲ್ಲ. ಮಗುವಿಗೆ ಟಾನಿಕ್ ಕುಡಿಸುವ ಅಕ್ಕರೆ ಅವರದು. ಪ್ರಸಾದಕ್ಕೆಂದು ಇಳಿದು ಬಂದ ಅಕ್ಕ ಬಾಟಲಿ ತಿರುಗಿಸಿ ಓದಿದರು.

"ಇದನ್ನ ಎಷ್ಟ್ ದಿನದಿಂದ ಹಾಕ್ಲಿಕತ್ತೀರಿ?"

"ಕಾರು ತಗೊಂಡಾಗಿಂದ, ಮೇಡಂ. ಅದಕ್ಕೂ ಹಬ್ಬ ಬೇಡ್ವಾ?" ಎಂದರು ಯಜಮಾನರು.

"ಹಬ್ಬದ ಊಟ ಜಾಸ್ತಿ ಆಗೇದ ನೋಡ್ರಿ. ಇದರಾಗ ಫಾಸ್ಫರಸ್ ಅದ. ಆಯಿಲ್ ಸುಟ್ಟಾಗ ಹೊಗಿ ಜೋಡಿ ಹೋಗಿ, ಹೊಗಿ ಶುದ್ಧ ಮಾಡೋ ಕನ್ವರ್ಟರ್‌ನಾಗ ಕೂಡ್ತದ. ಒಂದ್ ದಿನಕ್ಕ ಏನೂ ಆಗೂದಿಲ್ಲ. ವರ್ಷಾನುಗಟ್ಲೆ ಕೂತ್ರ ಹೊಗಿ ಶುದ್ಧ ಆಗೂದಿಲ್ಲ, ದಾರೀನೂ ಕಟ್ತದ."

ಯಜಮಾನರ ಮುಖ ನೋಡಬೇಕಿತ್ತು. ಮಾರುವ ಮೊದಲು ಬಿಚ್ಚಿಸಿ ನೋಡಲೇಬೇಕೆಂದು ಅಕ್ಕ ಹಟ ಹಿಡಿದರು. ರಜೆ ಹಾಕಿ ಗ್ಯಾರೇಜಿಗೂ ಬಂದರು. ಹೊಗೆ ಕೊಳವೆಯ ನಡುವಿನ ಆ ಕನ್ವರ್ಟರ್ ಡಬ್ಬಿಯೊಳಗೆ ಬೂದಿ ಮೆತ್ತಿಕೊಂಡಿತ್ತು. ಹೊಸದು ಹಾಕಿಸಿದೆವು, ಬಾಟಲಿ ನಿಂತಿತು, ಕಾರು ಪರೀಕ್ಷೆಯಲ್ಲಿ ಪಾಸಾಯಿತು. ಮಾರುವ ಮಾತು ಮತ್ತೆ ಬರಲಿಲ್ಲ.

ಮುಂದೆ ಅಕ್ಕ ವಡೋದರಕ್ಕೆ ಹೋದರು. ಕೆಲವು ವರ್ಷ ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸುತ್ತಿದ್ದೆವು, ಆಮೇಲೆ ಬರೀ ಫೋನು, ಆಮೇಲೆ ಅದೂ ಅಪರೂಪ... ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಈ ವರ್ಷ ನಾನು ಅದೇ ಶಾಲೆಯಿಂದ ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ನಿಂತು, ನನಗೆ ಬರುವ ಅರೆಬರೆ ಗುಜರಾತಿಯಲ್ಲಿ ಅಕ್ಕನ ಉಪಕಾರವನ್ನು ಹೇಳಿಕೊಂಡೆ. ಅವರಿಲ್ಲದಿದ್ದರೆ ನಾನು ಈ ಶಾಲೆಯಲ್ಲಿ ಉಳಿಯುತ್ತಲೇ ಇರಲಿಲ್ಲ ಎಂದೆ. ಕೇಳಬೇಕಾದ ಒಬ್ಬರನ್ನು ಬಿಟ್ಟು ಎಲ್ಲರೂ ಕೇಳಿಸಿಕೊಂಡರು.