ಹೊಲಿಗೆ ಟೀಚರ್ ಜೊತೆ ದಿಯುಗೆ

ಶಿರಾಳಕೊಪ್ಪದಲ್ಲಿ ನನಗೆ ಹೊಲಿಗೆ ಕಲಿಸಿದ ಟೀಚರ್, ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ಸೆರಗು ಸಿಕ್ಕಿಸಿಕೊಂಡು, “ನಡೀರಿ, ನೋಡ್ಕಂಡು ಬರಾಣ” ಎನ್ನುತ್ತಿದ್ದರು. ಹಾಗೆಯೇ ಹೋದ ವರ್ಷ ನಾವಿಬ್ಬರೂ ಗುಜರಾತಿನ ತುದಿಯ ದಿಯು ದ್ವೀಪಕ್ಕೆ ಹೋದೆವು.

ಕಡಲತೀರದಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ನೀರಿಗಿಳಿದ ನನ್ನನ್ನು ಒಂದು ಅಲೆ ಕೆಡವಿ ಒಳಗೆಳೆಯಿತು. ನಮ್ಮ ಕಡೆಯ ಅಂಬ್ಲಿಗೊಳ ಜಲಾಶಯದಲ್ಲಿ ಈಜು ಕಲಿತಿದ್ದ ಟೀಚರ್ ಸೀರೆಯಲ್ಲೇ ಧುಮುಕಿ, ಕೈಗೆ ಸಿಕ್ಕ ಜಡೆ ಹಿಡಿದು ನನ್ನನ್ನು ದಡಕ್ಕೆ ಎಳೆತಂದರು. ನೋವಿಗೆ ಅತ್ತುಬಿಟ್ಟೆ.

“ಕೂದ್ಲು ಮತ್ತೆ ಬೆಳೀತಾವೆ ಬಿಡ್ರಿ,” ಎಂದು ಬೆನ್ನು ಸವರಿದರು.

ಮರುದಿನ ನಾನು ರೂಮು ಬಿಟ್ಟು ಬರುವುದಿಲ್ಲವೆಂದೆ. ಅವರು ಕೈಹಿಡಿದು ಅದೇ ತೀರಕ್ಕೆ ಕರೆದೊಯ್ದು, “ಇವತ್ತು ಪಾದ ನೆನೆದ್ರೆ ಸಾಕ್ರಿ” ಎಂದರು. ಹೆದರುತ್ತಲೇ ಇಳಿದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ, ಟೀಚರ್ ಆಗಲೇ ನನ್ನ ಕೈಬಿಟ್ಟು ದಡದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಅಲೆಗಳ ನಡುವೆ ನಾನೊಬ್ಬಳೇ ನಿಂತಿದ್ದೆ.