ಗೊಟ್ಟ ತುಂಬುವ ಮೊದಲು

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ಫ್ರೇಜರ್‌ಪೇಟೆಯ ಹತ್ತಿರ ನಮ್ಮ ಕೊಟ್ಟಿಗೆಯ ಮುಂದೆ ಆ ಬೆಳಿಗ್ಗೆ ಇದ್ದವರು ಅಮ್ಮ, ಅವಳ ಸೊಂಟದ ಮೇಲೆ ತಮ್ಮ, ನಾನು, ಮತ್ತು ಆಡುಗಳಿಗೆ ಮದ್ದು ಹಾಕುವಾಕೆ. ಅಮ್ಮನ ಎದೆಹಾಲು ಬತ್ತಿತ್ತು. ಕೂಸು ಉಳಿದಿದ್ದೇ ನಮ್ಮ ಒಂದೇ ಆಡಿನ ಹಾಲಿನಿಂದ. ಆಡಿಗೀಗ ಹೊಟ್ಟೆಹುಳು ಬಿದ್ದು ಹಾಲು ಕಡಿಮೆಯಾಗುತ್ತಿತ್ತು.

“ಮೊದ್ಲು ಕಣ್ಣು ನೋಡಾನ” ಎನ್ನುವುದು ಆಕೆಯ ವಾಡಿಕೆ. ಹೆಬ್ಬೆರಳಲ್ಲಿ ಆಡಿನ ಕೆಳರೆಪ್ಪೆ ಜಗ್ಗಿದಳು. ಹುಳು ರಕ್ತ ಹೀರಿ ಒಳಗೆ ಸುಣ್ಣದ ಬಿಳುಪು. ಮುತ್ತುಗದ ಬೀಜ, ಕಾಡುಜೀರಿಗೆ ಅರೆದು ಮಜ್ಜಿಗೆಯಲ್ಲಿ ಕದಡಿ, ತಾನೇ ಒಂದು ತೊಟ್ಟು ನೆಕ್ಕಿದಳು.

“ನಮ್ಮ ಯಜಮಾನ್ರ ಮಾತಿನಷ್ಟು ಕಹಿಯಿಲ್ಲ ಬಿಡು. ಆಡು ಗಬ್ಬ ಇಲ್ಲ ತಾನೆ, ಮಗ?”

“ಇಲ್ಲ ದೊಡ್ಡವ್ವ” ಎಂದಳು ಅಮ್ಮ.

ಆದರೂ ಮದ್ದು ಕುಡಿಸುವ ಬಿದಿರಿನ ಕೊಳವೆಗೆ, ಆ ಗೊಟ್ಟಕ್ಕೆ, ಮದ್ದು ತುಂಬುವ ಮೊದಲು ಆಕೆ ಆಡಿನ ಹೊಟ್ಟೆಯಡಿ ಕೈಯಿಟ್ಟು ಮೆಲ್ಲಗೆ ಒತ್ತಿ ನೋಡಿದಳು. ಆಮೇಲೆ ಮದ್ದನ್ನು ನೆಲಕ್ಕೆ ಸುರಿದಳು.

“ಮರಿ ಐತೆ. ಇದು ಕುಡ್ಸಿದ್ರೆ ಕಂದು ಹಾಕ್ತದೆ, ಮರಿ ಉಳಿಯಾಕಿಲ್ಲ.”

“ಗೊತ್ತಿದ್ದೇ ಸುಳ್ಳಾಡ್ದೆ ದೊಡ್ಡವ್ವ. ಕೂಸಿಗೆ ಇನ್ನೇನು ಕುಡಿಸ್ಲಿ?” ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಕೆ ಬೈಯಲಿಲ್ಲ. “ಮೊದ್ಲು ಕಣ್ಣು ನೋಡಾನ” ಎಂದು ತಮ್ಮನ ರೆಪ್ಪೆ ಮೆಲ್ಲಗೆ ಜಗ್ಗಿ ನೋಡಿದಳು. “ನಿನ್ನಾಡನ್ನ ಹಾಲು ಹಿಂಡ್ದಂಗೆ ಚೆನ್ನಾಗಿ ಮೇಸುದ್ರೆ ಈಯೋವರ್ಗೂ ತಡ್ಕೊಳ್ತದೆ” ಎನ್ನುತ್ತ ಅದರ ಹಗ್ಗ ಬಿಚ್ಚಿಕೊಂಡು ಹೊರಟಳು.

ಮಧ್ಯಾಹ್ನ ಹಾಲು ಕೊಡುತ್ತಿದ್ದ ತನ್ನದೇ ಆಡನ್ನು ತಂದು ನಮ್ಮ ಗೂಟಕ್ಕೆ ಕಟ್ಟಿದಳು.

ಎರಡು ತಿಂಗಳ ಮೇಲೆ ನಮ್ಮ ಆಡು ಅವಳ ಮನೆಯಲ್ಲಿ ಈದಿತು. ಆಕೆ ತಾಯಿಯನ್ನೂ ಮರಿಗಳನ್ನೂ ಹೊಡೆದುಕೊಂಡು ಬಂದು, ನಮ್ಮ ಅಂಗಳದಲ್ಲಿ ಕೂತು, ಅಂದು ನೆಲಕ್ಕೆ ಸುರಿದಿದ್ದ ಮದ್ದನ್ನೇ ಮತ್ತೆ ಅರೆದು ಗೊಟ್ಟ ತುಂಬಿದಳು.