ಮೂರನೇ ಬಾಟಲಿಯ ಹೆಪ್ಪು

ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಸದಾ ಒಂದು ನೀಲಿ ಕಲೆ ಇರುತ್ತದೆ. ಸಾಬೂನಿಗೆ ಹೋಗುವುದಿಲ್ಲ, ನಿಂಬೆಹಣ್ಣಿಗೂ ಜಗ್ಗುವುದಿಲ್ಲ. ಒಮ್ಮೆ ಸವದತ್ತಿಯ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ನೋಡಿ, ನಿಮ್ಮ ಕಡೆ ಈಗ ಯಾವ ಇಲೆಕ್ಷನ್ ಎಂದು ಕೇಳಿದ. ಇಲೆಕ್ಷನ್ ಅಲ್ಲ, ನಾಯಿಯ ಕಿವಿಯದು ಎಂದೆ. ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲಿಟ್ಟು ಮುಂದೆ ಹೋದ.

ನಾನು ಬೈಲಹೊಂಗಲದಲ್ಲಿ ಪ್ರಾಣಿಗಳ ಡಾಕ್ಟರು. ಎರಡು ಕೋಣೆಯ ದವಾಖಾನೆ. ಒಳಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಅಗಲ ಬಾಯಿಯ ಮೂರು ಬಾಟಲಿ, ಪಕ್ಕದಲ್ಲಿ ಒಂದು ಮೈಕ್ರೋಸ್ಕೋಪು. ನಾಯಿಯ ಕಿವಿ ಸೋರಿದರೆ, ನಾತ ಹೊಡೆದರೆ, ಹತ್ತಿ ಸುತ್ತಿದ ಕಡ್ಡಿಯಿಂದ ಒಳಗಿನ ಕೊಳೆ ತೆಗೆದು ಗಾಜಿನ ಪಟ್ಟಿಯ ಮೇಲೆ ಉರುಳಿಸುತ್ತೇನೆ. ಅದನ್ನು ಹಾಗೇ ನೋಡಿದರೆ ಏನೂ ಕಾಣುವುದಿಲ್ಲ. ಬಣ್ಣ ಹಾಕಬೇಕು. ಮೊದಲ ಬಾಟಲಿಯ ದ್ರವ ಕೊಳೆಯನ್ನು ಗಾಜಿಗೆ ಹಿಡಿದು ನಿಲ್ಲಿಸುತ್ತದೆ, ಎರಡನೆಯದು ಕೆಂಪು, ಮೂರನೆಯದು ನೀಲಿ. ಒಂದೊಂದರಲ್ಲಿ ಐದೈದು ಸಲ ಅದ್ದಿ ತೆಗೆದು, ನೀರಿನಲ್ಲಿ ಜಾಲಾಡಿಸಿ, ಒಣಗಿಸಿ, ಮಸೂರದ ಕೆಳಗಿಟ್ಟರೆ ಕಿವಿಯೊಳಗೆ ಯಾರು ಮನೆ ಮಾಡಿದ್ದಾರೆ ಎಂಬುದು ತಿಳಿಯುತ್ತದೆ. ಹೆಚ್ಚಾಗಿ ಇರುವುದು ಯೀಸ್ಟು. ನೀಲಿ ಬಣ್ಣ ಕುಡಿದ ಸಣ್ಣ ಸಣ್ಣ ಶೇಂಗಾಕಾಯಿಗಳ ಹಾಗೆ ಕಾಣುತ್ತದೆ.

ಕಾಲೇಜಿನಲ್ಲಿ ನಮಗೆ ಅದ್ದುವುದನ್ನು ಕಲಿಸಿದರು, ಎಣಿಸುವುದನ್ನು ಕಲಿಸಲಿಲ್ಲ. ಅದು ನನ್ನ ಅಜ್ಜಿಯದು. ಮುರಗೋಡದ ಮನೆಯಲ್ಲಿ ಅವಳು ಜೋಳ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಲಾಭ, ಎರಡ, ಮೂರ, ನಾಕ, ಐದ. ನಾನು ಇಂದಿಗೂ ಸ್ಲೈಡನ್ನು ಹಾಗೆಯೇ ಅದ್ದುತ್ತೇನೆ. ಮೊದಲ ಅದ್ದುವಿಕೆಗೆ ಬಾಯಿ ತಾನಾಗಿ ಲಾಭ ಎನ್ನುತ್ತದೆ. ನನ್ನ ಮಾತು, ನನ್ನ ಲೆಕ್ಕ, ಸಿಟ್ಟು ಬಂದಾಗಿನ ನನ್ನ ಬೈಗುಳ ಕೂಡ ಅವಳು ಕೊಟ್ಟಿದ್ದೇ.

ಅವಳು ಕೊಟ್ಟ ಇನ್ನೊಂದು ರೂಢಿಯೂ ನನ್ನಲ್ಲಿ ಉಳಿದಿತ್ತು. ಅಜ್ಜಿ ಯಾವ ಗಡಿಗೆಯನ್ನೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ. ಮೊಸರಿನ ಗಡಿಗೆಯಲ್ಲಿ ತಳಕ್ಕೆ ಎರಡು ಚಮಚದಷ್ಟು ಬಿಟ್ಟು ಅದರ ಮೇಲೆಯೇ ಹಾಲು ಹೊಯ್ಯುತ್ತಿದ್ದಳು. ಪಾತ್ರೆ ತಳ ಕಂಡರೆ ಮನೆಗೆ ಒಳ್ಳೆಯದಲ್ಲ ಎಂಬುದು ಅವಳ ನಂಬಿಕೆ. ಉಪ್ಪಿನ ಭರಣಿ, ಎಣ್ಣೆಯ ಡಬ್ಬಿ, ಎಲ್ಲದಕ್ಕೂ ಅದೇ ನೇಮ. ದವಾಖಾನೆ ತೆಗೆದ ಮೇಲೆ ನಾನು ಆ ನೇಮವನ್ನು ಯೋಚಿಸದೆ ನನ್ನ ಮೂರು ಬಾಟಲಿಗಳಿಗೂ ನಡೆಸಿಕೊಂಡು ಬಂದೆ. ಬಣ್ಣ ಕಡಿಮೆಯಾದಾಗ ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಿದ್ದೆ. ತಳ ಕಾಣಿಸಲು ಬಿಡುತ್ತಿರಲಿಲ್ಲ.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ, ಅರವತ್ತರ ಆಜುಬಾಜಿನ ಒಬ್ಬ ಹೆಂಗಸು ಒಳಗೆ ಬಂದರು. ನಾನು ರಜಿಸ್ಟರ್ ಬರೆಯುತ್ತಾ ತಲೆ ಎತ್ತದೆ ಏನು ತೊಂದರೆ ಎಂದು ಕೇಳಿದೆ.

"ತಮ್ಮಗ ಕಿವಿ ಭಾಳ ನೋವ ಐತ್ರಿ ಡಾಕ್ಟರಬಾಯಿ. ಒಂದ ಸವನ ತಲಿ ಝಾಡಸ್ತಾನ."

ಮನುಷ್ಯರ ದವಾಖಾನೆ ಮುಂದಿನ ಗಲ್ಲಿಯಲ್ಲಿದೆ, ಅಲ್ಲಿಗೆ ಕರೆದುಕೊಂಡು ಹೋಗಿ ಎಂದೆ. ಅವರು ಕದಲಲಿಲ್ಲ. ಮೇಜಿನ ಕೆಳಗಿನಿಂದ ಒಂದು ಒದ್ದೆ ಮೂಗು ನನ್ನ ಮೊಣಕಾಲಿಗೆ ತಾಗಿತು. ಕಂದು ಬಣ್ಣದ, ಉದ್ದ ಕಿವಿಯ ನಾಯಿ. ಎಡಗಿವಿಯನ್ನು ಕೆಳಗೆ ಬಿಟ್ಟುಕೊಂಡು, ತಲೆಯನ್ನು ಅತ್ತಲೇ ವಾಲಿಸಿ, ಯಾರೋ ಬಹಳ ಹೊತ್ತಿನಿಂದ ತನಗೆ ಸುಳ್ಳು ಹೇಳುತ್ತಿದ್ದಾರೆ ಎಂಬಂತೆ ನನ್ನನ್ನು ನೋಡುತ್ತಿತ್ತು. ಅದರ ಹೆಸರೇ ತಮ್ಮ. ತಮ್ಮಂದಿರಿಲ್ಲದ ಮನೆಯಲ್ಲಿ ಹುಟ್ಟಿದವಳು ನಾನು, ಅದಕ್ಕೆ ಹಾಗೆ ಕರೀತೇನಿ ಎಂದು ಅವರು ಆಮೇಲೆ ಹೇಳಿದರು.

ಅವರು ಸಂಗೊಳ್ಳಿಯವರು. ಮೂರು ಎಮ್ಮೆ ಕಟ್ಟಿದ್ದಾರೆ, ಮನೆಯಲ್ಲೇ ಮೊಸರು ಮಾಡಿ ಮಾರುತ್ತಾರೆ. ದಿನಾ ಮುಂಜಾನೆ ಊರ ಮಂದಿ ಪಾತ್ರೆ ಹಿಡಿದುಕೊಂಡು ಅವರ ಪಡಸಾಲೆಗೆ ಬರುತ್ತಾರೆ. ಬಾಗಿಲಲ್ಲಿ ತಮ್ಮ ಮಲಗಿರುತ್ತಿದ್ದ. ಇಷ್ಟು ದಿನ ಬಂದವರೆಲ್ಲ ಅವನ ತಲೆ ಸವರಿಯೇ ಒಳಗೆ ಹೋಗುತ್ತಿದ್ದರು. ಈಗ ತಲೆಗೆ ಕೈ ತಂದರೆ ಹಲ್ಲು ತೋರಿಸುತ್ತಾನೆ.

ನಾನು ಕಡ್ಡಿ ಹಾಕಿ ತೆಗೆದೆ, ಲಾಭ ಎಂದು ಅದ್ದಿದೆ, ನೋಡಿದೆ. ಶೇಂಗಾಕಾಯಿ ಚೆಲ್ಲಾಪಿಲ್ಲಿ ಬಿದ್ದಿದ್ದವು. ಯೀಸ್ಟಿಗೆ ಔಷಧ ಬರೆದುಕೊಟ್ಟೆ. ದೀಪದ ಕೊಳವೆ ಹಾಕಿ ಕಿವಿಯ ಆಳಕ್ಕೆ ನೋಡಲು ಹೋದಾಗ ತಮ್ಮ ಕೊಸರಾಡಿದ. ಒಳಗೆಲ್ಲ ಬಾತಿತ್ತು. ಉತ್ತರ ಆಗಲೇ ಸ್ಲೈಡಿನ ಮೇಲೆ ಸಿಕ್ಕಿದೆಯಲ್ಲ ಎಂದು ನಾನೂ ಹಟ ಮಾಡಲಿಲ್ಲ. ಒಂದೇ ಕಿವಿ ಕೆಟ್ಟಿದೆ, ಇನ್ನೊಂದು ಸ್ವಚ್ಛವಾಗಿದೆ ಎಂಬ ಮಾತು ಅಂದೇ ನನಗೆ ಏನಾದರೂ ಹೇಳಬೇಕಿತ್ತು. ಹೇಳಿತ್ತೋ ಏನೋ, ನಾನು ಕೇಳಿಸಿಕೊಳ್ಳಲಿಲ್ಲ.

ಹತ್ತು ದಿನ ಬಿಟ್ಟು ಮತ್ತೆ ಬಂದರು. ಗುಣ ಕಂಡಿರಲಿಲ್ಲ. ಮತ್ತೆ ಅದ್ದಿದೆ, ಮತ್ತೆ ಶೇಂಗಾ. ಅಂದು ಅವರಿಗೂ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಒಂದು ಕಣ್ಣು ಮುಚ್ಚಿ, ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಿಮ್ಮ ದುರ್ಬೀನದಾಗ ನಮ್ಮ ಶೇಂಗಾ ಹೊಲಾ ಕಾಣಸ್ತತಿ ಎಂದು ನಕ್ಕರು. ಔಷಧ ಬದಲಿಸಿ ಕಳಿಸಿದೆ.

ಮೂರನೇ ಸಲ ಬಂದಾಗ ಒಬ್ಬರೇ ಇರಲಿಲ್ಲ. ಅವರ ಮೈದುನ ಜೊತೆಗಿದ್ದರು. ಹೊರಗೆ ಬಾಡಿಗೆಯ ಟಂಟಂ ರಿಕ್ಷಾ ನಿಂತಿತ್ತು. ಮೈದುನರ ಹೆಗಲ ಮೇಲೆ ಒಂದು ಹೊಸ ಹಗ್ಗ. ಅವರು ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ವಿಷಯ ಹೇಳಿದರು. ಹಿಂದಿನ ದಿನ ಮೊಸರಿಗೆ ಬಂದ ಒಬ್ಬ ಮುದುಕಿಯ ಕೈಗೆ ನಾಯಿ ಬಾಯಿ ಹಾಕಿತ್ತು. ಗಾಯವಾಗಿರಲಿಲ್ಲ, ಬಳೆ ಒಡೆದಿತ್ತು. ಆದರೂ ಇಂದು ಮುಂಜಾನೆ ಅರ್ಧ ಮಂದಿ ಬರಲಿಲ್ಲ. ಮೊಸರು ಗಡಿಗೆಯಲ್ಲೇ ಉಳಿಯಿತು.

"ನಮ್ಮ ವೈನಿ ಕೇಳಿದ್ದಕ್ಕ ಇಲ್ಲಿಗೆ ಬಂದೇನ್ರಿ," ಎಂದು ಅತ್ತಿಗೆಯ ಕಡೆ ನೋಡಿದರು. "ಇಲ್ಲಿಂದ ಸೀದಾ ಮನೋಳಿ ಕಡೆ ಹೋಗಿ ಹೊಳಿದಂಡಿ ಹೊಲದಾಗ ಬಿಟ್ಟ ಬರತೇನಿ ಆ ನಾಯೀನ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ನನ್ನನ್ನು ಇನ್ನಷ್ಟು ಹೆದರಿಸಿತು. ನೋವಿರುವ ನಾಯಿ ಪರವೂರಿನ ಹೊಳೆದಂಡೆಯಲ್ಲಿ ಎಷ್ಟು ದಿನ ಬದುಕೀತು ಎಂಬುದು ನಮಗೆ ಮೂವರಿಗೂ ಗೊತ್ತಿತ್ತು. ಆ ತಾಯಿ ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕುಳಿತು, ತಮ್ಮನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು.

ನಾನು ಮತ್ತೊಮ್ಮೆ ಕಡ್ಡಿ ಹಾಕಿದೆ. ಅದ್ದಲು ಹೋದರೆ ನೀಲಿ ಬಾಟಲಿಯಲ್ಲಿ ಬಣ್ಣ ಸಾಲದು. ಕಪಾಟಿನಿಂದ ಡಬ್ಬಿ ತೆಗೆದು ಹಳೆಯದರ ಮೇಲೆ ಸುರಿದೆ. ಅವರು ಅದನ್ನು ನೋಡುತ್ತಿದ್ದರು.

"ಹಳೇದ್ರ ಮ್ಯಾಲ ಹೊಸಾದ ಹಾಕತೀರಿ?"

ನಾನು ನನ್ನ ಅಜ್ಜಿಯ ನೇಮವನ್ನು ಹೇಳಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ಮೊಸರು ಮಾಡುವವರ ಮುಂದೆ ಮೊಸರಿನ ಮಾತು ನಡೆಯುತ್ತದೆ ಎಂದು. ಈ ಬಾಟಲಿ ತೊಳೆದು ಎಷ್ಟು ದಿನವಾಯಿತು ಎಂದು ಕೇಳಿದರು. ದವಾಖಾನೆ ತೆಗೆದಾಗಿನಿಂದ ತೊಳೆದಿಲ್ಲ ಎಂದೆ. ಅವರು ಎದ್ದು ಬಂದು, ಬಾಟಲಿಯ ಬಾಯಿಗೆ ಮೂಗು ತಂದು ಮೂಸಿದರು.

"ಹೆಪ್ಪ ಛಲೋ ಇರೂತನಾ ನಿಮ್ಮ ಅಜ್ಜಿ ಮಾತ ಖರೇ. ಹೆಪ್ಪ ಕೆಟ್ಟಿತಂದ್ರ ಎಷ್ಟ ಹಾಲ ಹಾಕಿದ್ರೂ ಅದ ನಾತ. ನಾವು ಗಡಗಿ ಬರಿದ ಮಾಡಿ, ತಿಕ್ಕಿ, ಬಿಸಲಿಗಿ ಇಡತೇವಿ." ಆಮೇಲೆ ದನಿ ತಗ್ಗಿಸಿ, ಮೈದುನನಿಗೆ ಕೇಳಬಾರದು ಎಂಬಂತೆ, "ಅವತ್ತ ತೋರಿಸಿದ್ರೆಲ್ಲಾ, ಆ ಶೇಂಗಾ. ಅವು ನಮ್ಮ ತಮ್ಮನ ಕಿವಿಯವೋ, ನಿಮ್ಮ ಬಾಟ್ಲಿಯವೋ?"

ಹತ್ತು ವರ್ಷದ ಕೆಲಸದಲ್ಲಿ ನನ್ನನ್ನು ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಗೊತ್ತು ಮಾಡಿಕೊಳ್ಳುವುದು ಮಾತ್ರ ಬಹಳ ಸುಲಭವಿತ್ತು. ಪೊಟ್ಟಣದಿಂದ ಹೊಸ ಗಾಜಿನ ಪಟ್ಟಿ ತೆಗೆದೆ. ಯಾವ ಕಿವಿಯನ್ನೂ ಅದಕ್ಕೆ ಮುಟ್ಟಿಸಲಿಲ್ಲ. ಬರೀ ಗಾಜನ್ನೇ ಮೂರು ಬಾಟಲಿಗಳಲ್ಲಿ ಅದ್ದಿದೆ. ಅಂದು ಲಾಭ ಎನ್ನಲು ಬಾಯಿ ಬರಲಿಲ್ಲ, ಒಂದು ಎಂದೆ. ಒಣಗಿಸಿ ಮಸೂರದ ಕೆಳಗಿಟ್ಟೆ.

ಶೇಂಗಾಕಾಯಿ. ಅದೇ ನೀಲಿ, ಅದೇ ಆಕಾರ. ಕೆಟ್ಟ ಕಿವಿಗಳ ಸ್ಲೈಡುಗಳನ್ನು ಅದ್ದಿ ಅದ್ದಿ, ಅವುಗಳಿಂದ ಉದುರಿದ್ದು ಬಾಟಲಿಯಲ್ಲೇ ಸಂಸಾರ ಹೂಡಿತ್ತು. ನಾನು ಮೇಲೆ ಹೊಸ ಬಣ್ಣ ಸುರಿದು ಸುರಿದು ಅದನ್ನು ಸಾಕಿದ್ದೆ.

ಇದನ್ನು ಅವರಿಗೆ ಹೇಳುವ ಮೊದಲು ನಾನು ಒಂದು ಕ್ಷಣ ತಡೆದೆ ಎಂಬುದನ್ನು ಬರೆಯಲೇಬೇಕು. ಡಾಕ್ಟರಾದವಳು ಹೊಸ್ತಿಲಲ್ಲಿ ಹಗ್ಗ ಹಿಡಿದು ನಿಂತವರ ಎದುರು ತನ್ನ ತಪ್ಪು ಒಪ್ಪಿಕೊಂಡರೆ ನಾಯಿಯ ಗತಿಯೇನು ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಆದರೆ ಆ ಹೆಂಗಸಿನ ಮುಖ ನೋಡಿದರೆ ಅವರಿಗೆ ಆಗಲೇ ತಿಳಿದಿತ್ತು. ಹೇಳಿದೆ. ಎರಡು ಸಲ ಕೊಟ್ಟ ಔಷಧ ಇಲ್ಲದ ರೋಗಕ್ಕೆ ಕೊಟ್ಟಿದ್ದಿರಬಹುದು ಎಂದೆ. ಮೈದುನ ಹಗ್ಗವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. ಅವರು ಬಾಯಿ ತೆರೆಯುವುದರೊಳಗೆ ಅತ್ತಿಗೆಯೇ ಮಾತಾಡಿದರು.

"ಬಾಟ್ಲಿ ಕೆಟ್ಟಿತ್ತು, ಗೊತ್ತಾತು. ಈಗ ತಮ್ಮನ ಕಿವಿ ನೋಡ್ರಿ."

ಅಷ್ಟೇ. ಬೈಯಲಿಲ್ಲ, ದೂರಲಿಲ್ಲ. ಗಡಿಗೆ ಕೆಟ್ಟರೆ ತೊಳೆಯುವ ಕೆಲಸ ಇದೆ ಎನ್ನುವಂತೆ ಸೆರಗು ಸಿಕ್ಕಿಸಿಕೊಂಡು ಮೋರಿಯ ಹತ್ತಿರ ಬಂದರು. ಮೂರು ಬಾಟಲಿಗಳನ್ನೂ ಬರಿದು ಮಾಡಿದೆ. ಅವುಗಳ ತಳವನ್ನು ನಾನು ನೋಡಿದ್ದು ಅಂದೇ. ಕೈಗೆ ಬಣ್ಣ ಹತ್ತೀತೆಂದು ಬೇಡ ಬೇಡ ಎಂದರೂ ಕೇಳದೆ ಅವರೇ ತಿಕ್ಕಿದರು. ಬಿಸಿಲಿಗೆ ಇಡುವಷ್ಟು ಹೊತ್ತಿರಲಿಲ್ಲವಾದ್ದರಿಂದ, ಆ ದಿನದ ಮಟ್ಟಿಗೆ ಬೇರೆ ಹೊಸ ಬಟ್ಟಲುಗಳಲ್ಲಿ ಸೀಲು ಒಡೆಯದ ಬಣ್ಣ ಸುರಿದುಕೊಂಡೆ. ಮೊದಲು ಬರೀ ಗಾಜು ಅದ್ದಿ ನೋಡಿದೆ. ಏನೂ ಇಲ್ಲ, ಬೆಳ್ಳಂಬೆಳಕು. ಆಮೇಲೆ ತಮ್ಮನ ಎಡಗಿವಿಯದು.

ಒಂದು ಶೇಂಗಾಕಾಯಿಯೂ ಇರಲಿಲ್ಲ. ಕೀವಿನ ಕಣಗಳು ಮಾತ್ರ ರಾಶಿ ರಾಶಿ. ಒಳಗೆ ಇರಬಾರದ್ದು ಏನೋ ಇದೆ, ಮೈ ಅದನ್ನು ಹೊರಗೆ ದೂಡಲು ಒದ್ದಾಡುತ್ತಿದೆ ಎಂದು ಅವು ಹೇಳುತ್ತಿದ್ದವು. ತಮ್ಮನಿಗೆ ಮಂಪರು ಬರುವ ಇಂಜೆಕ್ಷನ್ ಕೊಟ್ಟೆ. ಅವನ ತಲೆ ಅವರ ತೊಡೆಯ ಮೇಲೆ ಭಾರವಾದ ಮೇಲೆ, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಕಿವಿ ತೊಳೆದು, ದೀಪದ ಕೊಳವೆಯನ್ನು ಆಳಕ್ಕಿಳಿಸಿದೆ. ಕಿವಿಯ ತಮಟೆಗೆ ತಾಗುವಂತೆ ಏನೋ ಒಂದು ಕಡ್ಡಿಯಂಥದ್ದು ಕಂಡಿತು. ಉದ್ದ ಚಿಮಟದಿಂದ ಹಿಡಿದು, ಮೆಲ್ಲಗೆ ಎಳೆದೆ.

ಒಣಹುಲ್ಲಿನ ಚೂಪು ಬೀಜ. ಅಕ್ಕಿಯ ಕಾಳಿಗಿಂತ ತುಸು ಉದ್ದ, ಮೈತುಂಬ ಹಿಂದಕ್ಕೆ ಬಾಗಿದ ಮುಳ್ಳುರೋಮ. ಒಳಗೆ ಹೋಗಲು ಮಾತ್ರ ಗೊತ್ತಿರುವ ವಸ್ತು ಅದು, ತಿರುಗಿ ಬರಲು ಬಾರದು. ಅದನ್ನು ಅವರ ಅಂಗೈಯಲ್ಲಿಟ್ಟೆ. ಮೈದುನ ಅಂದು ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು ಬಗ್ಗಿ ನೋಡಿದರು.

"ಇದು ನಮ್ಮ ಬಣವಿದು," ಎಂದರು. "ಎಮ್ಮಿ ಕೊಟ್ಟಿಗಿ ಬಾಜೂಕ ನಾನ ಒಟ್ಟೇನಿ. ಅದರ ಬುಡಕ್ಕ ಮಲಗತಿತ್ತ ಇದು."

ಅತ್ತಿಗೆ ಬೀಜವನ್ನು ಕಸದ ಬುಟ್ಟಿಗೆ ಹಾಕಿ ತಮ್ಮನ ತಲೆ ಸವರಿದರು. ಬಾಟಲಿಯ ವಿಷಯದಲ್ಲಿ ನನಗೆ ತೋರಿಸಿದ ದೊಡ್ಡತನವನ್ನೇ ಬಣವೆಯ ವಿಷಯದಲ್ಲಿ ಮೈದುನನಿಗೂ ತೋರಿಸಿದರು. ತಮ್ಮನಿಗೆ ಎಚ್ಚರವಾಗುವವರೆಗೆ ಮೂವರೂ ಚಹಾ ಕುಡಿಯುತ್ತಾ ಕುಳಿತೆವು. ಮೈದುನ ಆ ಹೊಸ ಹಗ್ಗವನ್ನು ಸುರುಳಿ ಸುತ್ತಿ, ಅದರ ಮೇಲೆ ಟವೆಲ್ ಮಡಚಿ ಹಾಕಿ, ನಾಯಿಯ ತಲೆಯ ಕೆಳಗೆ ದಿಂಬು ಮಾಡಿದರು. ಹೊರಡುವಾಗ ಟಂಟಂನವನು ಮನೋಳಿಗೇ ಹೋಗುವುದಲ್ಲವೇ ಎಂದು ಕೇಳಿದ. ಮೈದುನರಿಗೆ ಸಿಟ್ಟು ಬಂದಿದ್ದು ಆಗ.

"ಮನೋಳ್ಯಾಗ ನಮ್ಮವ್ರ ಯಾರ ಅದಾರ? ಸಂಗೊಳ್ಳಿಗಿ ನಡಿ." ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿದ್ದ ನಾಯಿಯನ್ನು ನೋಡಿ, "ಒಂದೀಟ ಸರಕೋ ತಮ್ಮಾ," ಎಂದರು. ನಾನು ಕೇಳಿಸಿಕೊಂಡ ಮಟ್ಟಿಗೆ, ಅವರು ಅದನ್ನು ಆ ಹೆಸರಿನಿಂದ ಕರೆದದ್ದು ಅದೇ ಮೊದಲು.

ಆ ಸಂಜೆ ರಜಿಸ್ಟರ್ ತೆಗೆದು ಕುಳಿತೆ. ಯಾವ್ಯಾವ ಕಿವಿಗೆ ಯೀಸ್ಟು ಎಂದು ಬರೆದಿದ್ದೆನೋ ಅವರಿಗೆಲ್ಲ ಫೋನು ಮಾಡಿದೆ. ಕಿತ್ತೂರಿನವರೊಬ್ಬರು ನಮ್ಮ ನಾಯಿ ಆರಾಮ ಇದೆಯಲ್ಲ, ಮತ್ತೇಕೆ ಎಂದರು. ರಾಮದುರ್ಗದವರೊಬ್ಬರು ಮಾತ್ರ, ಪೂರ್ತಿ ಗುಣವಾಗಿಲ್ಲ, ನಿಮಗೆ ಬೇಸರವಾದೀತೆಂದು ಹೇಳಿರಲಿಲ್ಲ ಎಂದರು. ಅವರ ಒಳ್ಳೆಯತನಕ್ಕೆ ನನಗೆ ನಾಚಿಕೆಯಾಯಿತು. ಮರುದಿನವೇ ಕರೆಸಿಕೊಂಡೆ.

ಈಗ ಪ್ರತಿ ಸೋಮವಾರ ಮೂರು ಬಾಟಲಿಗಳೂ ದವಾಖಾನೆಯ ಮಾಳಿಗೆಯ ಮೇಲೆ ಬಾಯಿ ಮೇಲಾಗಿ ಬಿಸಿಲು ಕಾಯುತ್ತವೆ. ಇವು ಕಿವಿಗೆ ಮಾತ್ರ, ರಕ್ತದ ಪರೀಕ್ಷೆಗೆ ಬೇರೆ ಮೂರು ಇಟ್ಟಿದ್ದೇನೆ. ಕಿವಿಯ ಸ್ಲೈಡಿಗೆ ಮೊದಲು ಒಂದು ಬರೀ ಗಾಜು ಅದ್ದುತ್ತೇನೆ, ಅದಕ್ಕೂ ಲಾಭ ಎಂದೇ ಎಣಿಸುತ್ತೇನೆ. ಅಜ್ಜಿಯ ಮೇಲೆ ನನಗೆ ಬೇಸರವಿಲ್ಲ. ಅವಳ ಗಡಿಗೆಯ ಮೊಸರು ಎಂದೂ ಕೆಟ್ಟಿರಲಿಲ್ಲ, ಹಾಗಾಗಿ ಕೆಟ್ಟರೆ ಏನು ಮಾಡಬೇಕೆಂದು ಅವಳು ನನಗೆ ಹೇಳುವ ಪ್ರಸಂಗವೇ ಬರಲಿಲ್ಲ. ಆ ಉಳಿದರ್ಧ ಪಾಠವನ್ನು ಸಂಗೊಳ್ಳಿಯ ಈ ತಾಯಿ ಬಂದು ಹೇಳಿಕೊಟ್ಟರು.

ಅವರು ಈಗಲೂ ಸಂತೆಯ ದಿನ ಬರುತ್ತಾರೆ, ಒಂದು ಚಿಕ್ಕ ಗಡಿಗೆ ಮೊಸರು ಹಿಡಿದು. ಜೊತೆಗೆ ತಮ್ಮನೂ ಇರುತ್ತಾನೆ, ಬಂದವರಿಗೆಲ್ಲ ತಲೆ ಒಡ್ಡುತ್ತಾನೆ. ಮುಂಜಾನೆ ಮೊಸರಿಗೆ ಮಂದಿ ಮೊದಲಿನಂತೆ ಬರುತ್ತಾರಂತೆ. ಬಳೆ ಒಡೆದುಕೊಂಡ ಮುದುಕಿ ಮಾತ್ರ ಪಾತ್ರೆಯನ್ನು ಮುಂದೆ ಹಿಡಿದು, ನಾಯಿಗೆ ಎರಡು ಮಾತು ಬೈದೇ ಒಳಗೆ ಹೋಗುತ್ತಾಳಂತೆ. ನನ್ನ ಬಳಿ ಬಂದಾಗ, ನಾನು ಕುಳಿತುಕೊಳ್ಳಿ ಎನ್ನುವ ಮೊದಲೇ ಆ ತಾಯಿ ತಮ್ಮನ ಎಡಗಿವಿ ಎತ್ತಿ ಮೂಸುತ್ತಾರೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ನನ್ನ ಮೂರನೇ ಬಾಟಲಿಯನ್ನೂ.